ಸ್ಟೋರಿನಲ್ಲಿ ಹಾಕಿದ ಬೇರೆ ಮೇಜು

ಹಾಸನದ ಹೊರವಲಯದಲ್ಲಿರುವ ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಒಂದು ಕ್ರಮವಿದೆ. ಯಾರೂ ಬರೆದಿಟ್ಟದ್ದಲ್ಲ, ಆಡಳಿತ ಹೇಳಿದ್ದೂ ಅಲ್ಲ. ಡಬ್ಬಿ ಬಿಚ್ಚಿದ ಮೇಲೆ ಮುಚ್ಚಳವನ್ನು ಅಂಗಾತ ಮಾಡಿ ಪಕ್ಕಕ್ಕಿಡಬೇಕು. ಅಕ್ಕಪಕ್ಕದವರು ತಮ್ಮ ಡಬ್ಬಿಯಿಂದ ಒಂದೊಂದು ಚಮಚ ಪಲ್ಯವನ್ನೋ ಗೊಜ್ಜನ್ನೋ ಅದಕ್ಕೆ ಹಾಕುತ್ತಾರೆ. ನೀವು ಅವರ ಮುಚ್ಚಳಕ್ಕೆ ಹಾಕುತ್ತೀರಿ. ಊಟ ಶುರುವಾಗುವುದು ಆಮೇಲೆ. ಹೊಸಬರು ಹೊಂದಿಕೊಂಡರೋ ಇಲ್ಲವೋ ಎಂದು ತಿಳಿಯಲು ನಾನು ಪ್ರೊಡಕ್ಷನ್ ಬೋರ್ಡ್ ನೋಡುವುದಿಲ್ಲ, ಅವರ ಮುಚ್ಚಳ ನೋಡುತ್ತೇನೆ.

ನಾನು ಅಲ್ಲಿ ವೆಲ್‌ಫೇರ್ ಆಫೀಸರ್. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ಕಾರ್ಖಾನೆಯ ವ್ಯಾನುಗಳಲ್ಲಿ ಬರುವ ಹೆಂಗಸರು, ತಂತಮ್ಮ ಊರಿನಲ್ಲಿ ಒಂದೇ ಸಾಲಿನಲ್ಲಿ ಕೂತು ಉಣ್ಣದವರು, ಇಲ್ಲಿ ಒಬ್ಬರ ಮುಚ್ಚಳಕ್ಕೆ ಒಬ್ಬರು ಬಡಿಸುತ್ತಾರೆ. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಮುಚ್ಚಳದಲ್ಲಿ ಜಾಗ ಉಳಿದಿರಲಿಲ್ಲ. ದಂಡಿಗನಹಳ್ಳಿ ಹೋಬಳಿಯ ನಮ್ಮ ಕೇರಿಯಿಂದ ಡಿಗ್ರಿ ಮುಗಿಸಿ ಹೊರಬಂದ ಮೊದಲನೆಯವಳು ನಾನು. ಆ ಮುಚ್ಚಳದ ಬೆಲೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಿರುವಾಗ ನಮ್ಮ ಸ್ಟೋರಿಗೆ ಒಬ್ಬ ಸಹಾಯಕ ಸೇರಿದ. ಬಟನ್ನು, ಜಿಪ್ಪು, ದಾರ, ಲೇಬಲ್ಲು ಇಡುವ ಉಗ್ರಾಣವನ್ನು ನಾವು ಸ್ಟೋರ್ ಎನ್ನುತ್ತೇವೆ. ಅವನದು ಹೊಳೆನರಸೀಪುರದ ವ್ಯಾಪಾರಸ್ಥರ ಮನೆ, ವಿಭೂತಿ ಇಡುವ ಕುಟುಂಬ. ಬಿ.ಕಾಂ. ಮಾಡಿದ್ದ. ಇಂಟರ್‌ವ್ಯೂಗೆ ಅವನ ತಾಯಿ ಜೊತೆಗೆ ಬಂದಿದ್ದರು. ಕೈಯಲ್ಲಿ ಆಸ್ಪತ್ರೆಯ ಕಾಗದಗಳಿದ್ದವು. ಮಗನಿಗೆ ಆಟಿಸಂ ಇದೆ ಎಂದು ಅವರೇ ಹೇಳಿದರು. ಕನ್ನಡದಲ್ಲಿ ಇದಕ್ಕೆ ಸ್ವಮಗ್ನತೆ ಎನ್ನುತ್ತಾರೆ. ಆ ಪದ ನನಗೆ ಹಿಡಿಸುವುದಿಲ್ಲ. ಅವನು ತನ್ನೊಳಗೆ ಮುಳುಗಿ ಕೂತವನಲ್ಲ. ಹೊರಗಿನದೆಲ್ಲ ಒಟ್ಟಿಗೇ ಅವನೊಳಗೆ ನುಗ್ಗುತ್ತದೆ. ಇದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಬೇಕಾಯಿತು.

ಬರೆಯುವಾಗ ಅವನು ಎಂದೇ ಬರೆಯುತ್ತಿದ್ದೇನೆ, ನನ್ನ ತಮ್ಮನ ವಯಸ್ಸು. ಕಾರ್ಖಾನೆಯಲ್ಲಿ ನಾವಿಬ್ಬರೂ ‘ನೀವು’ ಎಂದೇ ಮಾತಾಡುವುದು.

“ನಿಮ್ಮ ಬಗ್ಗೆ ಹೇಳಿ” ಎಂದೆ. ಅವನು ಮೇಜಿನ ಅಂಚು ನೋಡುತ್ತಾ, “ಯಾವ ವಿಷಯ? ಎಷ್ಟು ಹೇಳಬೇಕು?” ಎಂದ. ನ್ಯಾಯವಾದ ಪ್ರಶ್ನೆ. ಇಂಟರ್‌ವ್ಯೂ ಅಲ್ಲಿಗೆ ನಿಲ್ಲಿಸಿ ಅವನನ್ನು ಸ್ಟೋರಿಗೆ ಕರೆದುಕೊಂಡು ಹೋಗಿ, ಕಲಸಿಹೋಗಿದ್ದ ಸೈಜ್ ಲೇಬಲ್‌ಗಳ ಒಂದು ಪೆಟ್ಟಿಗೆ ಕೊಟ್ಟೆ. ವಿಂಗಡಿಸಿದ. ಪವಾಡವೇನೂ ನಡೆಯಲಿಲ್ಲ, ನಮ್ಮ ಬೇರೆ ಒಳ್ಳೆಯ ಸಹಾಯಕರು ಮಾಡುವಷ್ಟೇ ಮಾಡಿದ. ನನಗೆ ಬೇಕಾಗಿದ್ದದ್ದೂ ಅಷ್ಟೇ. ಆರು ತಿಂಗಳ ಪ್ರೊಬೇಷನ್ ಮೇಲೆ ತೆಗೆದುಕೊಂಡೆವು.

ಹೊರಡುವ ಮುಂಚೆ ತಾಯಿ ನನ್ನ ಕೈ ಹಿಡಿದುಕೊಂಡರು. “ಮೇಡಂ, ಇದು ನಿಮ್ಮಲ್ಲೇ ಇರಲಿ. ಇವನ ತಂಗಿಗೆ ಗಂಡು ನೋಡ್ತಿದ್ದೀವಿ. ಮನೆತನದಲ್ಲಿ ಹೀಗಿದೆ ಅಂತ ಊರಲ್ಲಿ ಗೊತ್ತಾದ್ರೆ ಯಾರೂ ಬಾಗಿಲಿಗೆ ಬರಲ್ಲ.” ಕಾಯಿಲೆಯ, ಅಂಗವಿಕಲತೆಯ ವಿಷಯ ಗುಟ್ಟಾಗಿಡುವುದು ನನ್ನ ಕೆಲಸದ ನಿಯಮವೂ ಹೌದು. ಜನರಲ್ ಮ್ಯಾನೇಜರ್, ಸ್ಟೋರ್ ಇನ್‌ಚಾರ್ಜ್, ನಾನು, ಮೂವರಿಗಷ್ಟೇ ಗೊತ್ತಿರಬೇಕು ಎಂದು ತೀರ್ಮಾನವಾಯಿತು.

ಕೆಲಸದ ಜಾಗ ಸರಿಪಡಿಸುವುದು ಕಷ್ಟವಾಗಲಿಲ್ಲ. ಅವನ ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟ್ ಬದಲಾಯಿಸಿದೆವು. ಕಂಪ್ರೆಸರ್ ಕಡೆಯ ಗೋಡೆ ಬಿಟ್ಟು ಒಳಗಿನ ಮೂಲೆಯಲ್ಲಿ ಕುರ್ಚಿ ಹಾಕಿದೆವು. ಕಟಿಂಗ್ ವಿಭಾಗದವರು ಹಾಕಿಕೊಳ್ಳುವ ಕಿವಿಮುಚ್ಚುಕವನ್ನೇ ಅವನಿಗೂ ಕೊಟ್ಟೆವು. ಬೆಂಕಿ ಸೈರನ್ ಅಭ್ಯಾಸವಿದ್ದರೆ ಹಿಂದಿನ ದಿನವೇ ಹೇಳುವುದು ಎಂದಾಯಿತು. ಕಷ್ಟವಾದದ್ದು ಕೌಂಟರ್. ನಮ್ಮಲ್ಲಿ ಹೊಲಿಗೆ ಲೈನಿನ ಸೂಪರ್‌ವೈಸರ್‌ಗಳು ಕಿಟಕಿಗೆ ಬಂದು ಕೂಗಿ ಸಾಮಾನು ತೆಗೆದುಕೊಂಡು ಹೋಗುತ್ತಾರೆ. ಚೀಟಿ ಸಂಜೆ ಬರೆಯುತ್ತಾರೆ. ಒಂದು ದಿನ ಇಬ್ಬರು ಒಟ್ಟಿಗೆ ನಿಂತು, “ಬಿರ್ರನೆ ಕೊಡಪ್ಪ, ಲೈನ್ ನಿಂತದೆ” ಎಂದು ಕೂಗಿದಾಗ ಅವನು ಪೆಟ್ಟಿಗೆಯನ್ನು ಕೆಳಗಿಟ್ಟು ಮೆಟ್ಟಿಲ ಕೆಳಗೆ ಹೋಗಿ ಕೂತುಬಿಟ್ಟ. ಆವತ್ತಿನಿಂದ ಚೀಟಿ ಮೊದಲು, ಸಾಮಾನು ಆಮೇಲೆ ಎಂದು ಮಾಡಿದೆವು. ಇನ್‌ಚಾರ್ಜ್ ಚನ್ನರಾಯಪಟ್ಟಣದವರು, ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. “ಒಬ್ಬನ್ಗೋಸ್ಕರ ಇಡೀ ಫ್ಯಾಕ್ಟ್ರಿ ನಡೆ ಬದ್ಲಾಯಿಸ್ಬೇಕಾ ಮೇಡಂ?” ಎಂದರು. “ಈ ನಿಯಮ ಮುಂಚೆನೇ ಇತ್ತು ಸರ್, ನಾವು ಮಾಡ್ತಿರ್ಲಿಲ್ಲ ಅಷ್ಟೇ” ಎಂದೆ. ಕೆಲವು ವಾರಗಳಲ್ಲಿ ಅವರೇ ಕಿಟಕಿಯ ಬಳಿ ನಿಂತು, “ಚೀಟಿ ಎಲ್ಲಪ್ಪಾ?” ಎಂದು ಕೇಳತೊಡಗಿದರು.

ಇಷ್ಟೆಲ್ಲ ಯೋಚಿಸಿದವರು ಊಟದ ವಿಷಯ ಯೋಚಿಸಲಿಲ್ಲ. ಯೋಚಿಸಬೇಕು ಎಂದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಸ್ಟೋರಿನವರು, ಪಕ್ಕದ ಫಿನಿಶಿಂಗ್ ವಿಭಾಗದವರು ಒಂದೇ ಕಡೆ ಕೂತು ಉಣ್ಣುತ್ತಾರೆ. ಆ ಗುಂಪಿಗೆ ಹಿರಿಯರು ಅರಕಲಗೂಡು ಕಡೆಯ ಒಬ್ಬ ಅಕ್ಕ. ಸ್ಟೋರಿನಲ್ಲಿ ದಾರ ಹಂಚುವವರು, ಕಾರ್ಮಿಕರ ದೂರು ಸಮಿತಿಯ ಸದಸ್ಯೆಯೂ ಹೌದು. ನಮ್ಮ ಜನವೇ. ಮೊದಲ ದಿನ ಅವರು ಅವನ ಮುಚ್ಚಳಕ್ಕೆ ಒಂದು ಚಮಚ ಹುರುಳಿಕಾಳಿನ ಪಲ್ಯ ಹಾಕಿದರು. ಅವನು ಅದನ್ನು ನೋಡಿದ. ಎದ್ದು ಹೋಗಿ ಪಲ್ಯವನ್ನು ಬುಟ್ಟಿಗೆ ಹಾಕಿ, ಮುಚ್ಚಳವನ್ನು ನಲ್ಲಿಗೆ ಹಿಡಿದು ತೊಳೆದ. ಒರೆಸಿ, ಮತ್ತೆ ತೊಳೆದ. ಡಬ್ಬಿ ಮುಚ್ಚಿಕೊಂಡು ಸ್ಟೋರಿನೊಳಗೆ ಹೋದ. ಮರುದಿನದಿಂದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆ ಕಡೆ ತಿರುಗಿ ಉಣ್ಣತೊಡಗಿದ.

ನಮ್ಮ ಕಡೆ ಕೈಯಿಂದ ಬಂದ ಅನ್ನವನ್ನು ಬೇಡ ಎನ್ನುವುದಕ್ಕೆ, ಪಾತ್ರೆ ತೊಳೆದುಕೊಳ್ಳುವುದಕ್ಕೆ ಒಂದೇ ಅರ್ಥ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. “ಸ್ವಾಮ್ಗಳಿಗೆ ನಮ್ದು ಆಗಾಕಿಲ್ಲ ಕಣ್ರೇ” ಎಂದು ಯಾರೋ ಅಂದರು. ಇನ್ನೊಬ್ಬರು, “ಮಡಿ ಕೆಟ್ಟೋಯ್ತದೆ, ದೂರ ಕೂತ್ಕಳಿ” ಎಂದರು. ನಗು, ಆಮೇಲೆ ನಗುವೂ ಇಲ್ಲ.

ತಿಂಗಳುಗಟ್ಟಲೆ ಹೀಗೇ ನಡೆಯಿತು, ತಾನಾಗಿ ಸರಿಹೋಗುತ್ತದೆಂದು ನಾನೂ ಬಿಟ್ಟಿದ್ದೆ. ಹೊಸ ಹುಡುಗಿಯರನ್ನು ಸೇರಿಸಿಕೊಳ್ಳಲು ನಾನು ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ತಿರುಗುತ್ತಿದ್ದ ಹೊತ್ತಿನಲ್ಲಿ ಇನ್‌ಚಾರ್ಜ್ ತಾವೇ ಒಂದು ಪರಿಹಾರ ಮಾಡಿಬಿಟ್ಟರು. ಸ್ಟೋರಿನ ಕಪಾಟುಗಳ ಹಿಂದೆ ಒಂದು ಸಣ್ಣ ಮೇಜು, ಮೇಲೊಂದು ಬಟ್ಟೆ, ಅವನಿಗೆಂದೇ ಒಂದು ಸ್ಟೀಲ್ ತಟ್ಟೆ, ಒಂದು ಲೋಟ. ಬೇರೆಯವರು ಮುಟ್ಟದಿರಲಿ ಎಂದು ಲೋಟದ ಮೇಲೆ ಮಾರ್ಕರ್‌ನಲ್ಲಿ ಗುರುತು. ಇಂಥ ನೌಕರರಿಗೆ ಅನುಕೂಲ ಮಾಡುವ ಬಗ್ಗೆ ನಮಗೆ ಕೊಟ್ಟಿದ್ದ ತರಬೇತಿಯಲ್ಲಿ ಇದೇ ಇತ್ತು: ಶಾಂತವಾದ ಪ್ರತ್ಯೇಕ ಜಾಗ, ಅವರಿಗೆ ಒಗ್ಗುವ ಅವರದೇ ಪಾತ್ರೆ. ಅದನ್ನು ಬರೆದವರಿಗೆ ನಮ್ಮ ಕಡೆಯ ಲೋಟದ ಕಥೆ ಗೊತ್ತಿರಲಿಕ್ಕಿಲ್ಲ. ಬೇರೆ ಲೋಟ ಎಂಬುದು ನಮ್ಮಜ್ಜಿಯ ಕಾಲದ ಮಾತು ಎಂದು ಬರೆದುಬಿಡಬಹುದು. ನಮ್ಮಪ್ಪನ ಕಾಲದ ಮಾತೂ ಹೌದು.

ನಾನು ವಾಪಸ್ಸು ಬಂದಾಗ ಮೇಜಿನ ಮೇಲೆ ದೂರಿತ್ತು, ಗುಂಪಿನ ಹೆಂಗಸರೆಲ್ಲರ ಸಹಿಯೊಂದಿಗೆ. ಜಾತಿಯ ಕಾರಣಕ್ಕೆ ಕಾರ್ಖಾನೆಯಲ್ಲಿ ಬೇರೆ ತಟ್ಟೆ ಲೋಟದ ವ್ಯವಸ್ಥೆ ಮಾಡಲಾಗಿದೆ ಎಂದು. ಅಕ್ಕ ಎದುರಿಗೇ ನಿಂತಿದ್ದರು.

“ಓದ್ಕಳಿ ಮ್ಯಾಡಮ್ಮ. ಓದಾಕೆ ಬತ್ತದಲ್ಲ ನಿಮಗೆ.”

“ಓದಿದೆ ಅಕ್ಕ.”

“ನಮ್ಮೂರ ಓಟ್ಲಲ್ಲಿ ಇಂಗೇ ಇತ್ತು. ಲ್ವಾಟ ತೊಳ್ದು ಗೂಡ್ನಾಗೆ ಮಡಗ್ಬೇಕು. ಅಲ್ಲಿ ನಿಂತೋಯ್ತು, ಇಲ್ಲಿ ಸುರು ಆಯ್ತಾ?”

“ಅದನ್ನ ನಾನು ಹಾಕಿಸಿದ್ದಲ್ಲ. ಸಂಜೆಯೊಳಗೆ ತೆಗೆಸ್ತೀನಿ.”

“ಮೇಜು ತಗೀತೀರಿ. ಅವನು ಮುಚ್ಚಳ ತೊಳ್ದಿದ್ದು? ಬ್ಯಾಡ ಅಂತ ಬಾಯಲ್ಲಿ ಅಂದಿದ್ರೆ ಬುಟ್ಬುಡ್ತಿದ್ದೆ. ನನ್ ಕಣ್ಮುಂದೆ ನಲ್ಲಿಗೆ ಇಡ್ದು ತೊಳ್ದ ಕಣವ್ವ.”

“ಅದಕ್ಕೆ ಬೇರೆ ಕಾರಣ ಇದೆ ಅಕ್ಕ. ಹೇಳೋ ಹಕ್ಕು ನನಗಿಲ್ಲ.”

ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವರು ‘ನೀನು’ವಿಗೆ ಇಳಿದರು. “ಅವರ್ಗೆ ಯಾವತ್ತೂ ಒಂದು ಕಾರ್ಣ ಇರ್ತದೆ. ಮಡಿ ಅಂತಾರೆ, ಪೂಜೆ ಅಂತಾರೆ, ಡಾಕ್ಟ್ರು ಯೋಳವ್ರೆ ಅಂತಾರೆ. ನೀನು ನಮ್ಮೋಳಲ್ವೇನವ್ವ? ಓದಿ ಕುರ್ಚಿ ಸಿಕ್ತಿದ್ದಂಗೆ ಆ ಕಡೀಕೆ ವಾಲ್ಬುಟ್ಯಾ?”

ದೂರಿನ ಪ್ರತಿಗೆ ಸೀಲ್ ಹಾಕಿ ಅವರ ಕೈಗೆ ಕೊಟ್ಟೆ. ದೂರು ದಾಖಲಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವನು ಮಾಡಿದ್ದರಲ್ಲೂ ತಪ್ಪಿರಲಿಲ್ಲ. ನನ್ನ ಕೆಲಸ ಇದ್ದದ್ದೇ ಅಲ್ಲಿ.

ಜನರಲ್ ಮ್ಯಾನೇಜರ್ ಬೇರೆ ಲೆಕ್ಕ ಹಾಕಿದ್ದರು. “ಪ್ರೊಬೇಷನ್ ಮುಗಿಯೋಕೆ ಇನ್ನೆರಡು ವಾರ ಇದೆ. ಬೈಯರ್ ಕಡೆಯಿಂದ ಆಡಿಟ್ ಬೇರೆ ಬರ್ತಿದೆ. ಕನ್ಫರ್ಮ್ ಮಾಡೋದು ಬೇಡ, ಕಳಿಸಿಬಿಡಿ. ದೂರೂ ಮುಗಿಯುತ್ತೆ.”

“ದೂರು ಮುಗಿಯಲ್ಲ ಸರ್. ಜಾತಿ ಮಾಡಿದ್ದಕ್ಕೇ ಕಳಿಸಿದರು ಅಂತಾಗುತ್ತೆ, ಅವನು ಮಾಡದ ತಪ್ಪು ಅವನ ತಲೆ ಮೇಲೆ ಕೂರುತ್ತೆ. ಅಂಗವಿಕಲರನ್ನ ಹೀಗೆ ಕಳಿಸಬಾರದು ಅನ್ನೋದನ್ನೂ, ಜಾತಿ ಭೇದ ಮಾಡಬಾರದು ಅನ್ನೋದನ್ನೂ ನಾವೇ ಫ್ರೇಮ್ ಹಾಕಿ ಗೇಟಲ್ಲಿ ನೇತು ಹಾಕಿದ್ದೀವಿ. ಎರಡೂ ಒಂದೇ ಗೋಡೆ ಮೇಲಿವೆ.”

“ಹಾಗಾದರೆ ಎರಡು ವಾರದೊಳಗೆ ಇತ್ಯರ್ಥ ಮಾಡಿ. ಇಲ್ಲದಿದ್ದರೆ ನಾನು ಸಹಿ ಹಾಕಲ್ಲ.”

ಮೇಜು ಸಂಜೆಯೊಳಗೆ ಹೋಯಿತು. ಇನ್‌ಚಾರ್ಜ್ ಮುಖ ಸಪ್ಪಗೆ ಮಾಡಿಕೊಂಡು, “ಒಳ್ಳೇದಾಗ್ಲಿ ಅಂತ ಮಾಡ್ದೆ ಮೇಡಂ, ಇಂಗಾಗ್ತದೆ ಅಂತ ಆಣೆಗೂ ಗೊತ್ತಿರ್ನಿಲ್ಲ” ಎಂದರು. ಅವರನ್ನು ದೂರಿ ಪ್ರಯೋಜನವಿರಲಿಲ್ಲ. ಮೇಜು ತೆಗೆದ ಮೇಲೆ ಸ್ಟೋರ್ ಸಹಾಯಕ ಮಧ್ಯಾಹ್ನ ಊಟವನ್ನೇ ಬಿಟ್ಟ. ಡಬ್ಬಿ ಹಾಗೇ ಮನೆಗೆ ಹೋಗುತ್ತಿತ್ತು. ಹಸಿವಿನಲ್ಲಿ ಕೆಲಸ ಮಾಡಿದರೆ ತಪ್ಪಾಗದೇ ಇರುತ್ತದೆಯೇ? ಎರಡು ಸಲ ಬೇರೆ ಸೈಜಿನ ಲೇಬಲ್ ಹೊರಗೆ ಹೋಯಿತು. ಇದನ್ನೇ ಬರೆದಿಟ್ಟುಕೊಂಡರೆ ಕನ್ಫರ್ಮ್ ಮಾಡದಿರಲು ಬೇರೆ ಕಾರಣವೇ ಬೇಡ.

ನಾನು ಹೊಳೆನರಸೀಪುರಕ್ಕೆ ಫೋನ್ ಮಾಡಿದೆ. ಅವನ ಗುಂಪಿನವರಿಗಷ್ಟೇ ವಿಷಯ ತಿಳಿಸಲು ಒಪ್ಪಿಗೆ ಕೊಡಿ ಎಂದು ತಾಯಿಯನ್ನು ಕೇಳಿದೆ. “ಆಗಲ್ಲ ಮೇಡಂ. ಬೇಕಾದ್ರೆ ಕೆಲಸ ಬಿಡಿಸ್ತೀನಿ, ಅಂಗಡೀಲಿ ಕೂತ್ಕೊಳ್ಳಲಿ” ಎಂದರು. ಫೋನ್ ಇಟ್ಟ ಮೇಲೆ ನನಗೆ ಒಂದು ವಿಷಯ ತಲೆಗೆ ಬಂತು. ತಾಯಿಯನ್ನು ಕೇಳಿದ್ದೆ, ಇನ್‌ಚಾರ್ಜರನ್ನು ಕೇಳಿದ್ದೆ, ಮ್ಯಾನೇಜರನ್ನು ಕೇಳಿದ್ದೆ. ತನ್ನ ಸಂಬಳದ ಚೀಟಿಗೆ ತಾನೇ ಸಹಿ ಹಾಕುವವನನ್ನು ಯಾರೂ ಕೇಳಿರಲಿಲ್ಲ. ಅವನು ಬಿ.ಕಾಂ. ಮಾಡಿದ, ಮತ ಹಾಕುವ ಗಂಡಸು. ಮುಂದಿನದನ್ನು ಅವನೊಂದಿಗೇ ತೀರ್ಮಾನಿಸುವುದು ಎಂದು ನಿಶ್ಚಯಿಸಿದೆ.

ಎದುರು ಕೂರಿಸಿಕೊಂಡು ಕೇಳಿದರೆ ಅವನಿಂದ ಉತ್ತರ ಬರುವುದಿಲ್ಲವೆಂದು ಅಷ್ಟರಲ್ಲಿ ಕಲಿತಿದ್ದೆ. ಸ್ಟೋರಿಗೆ ಹೋಗಿ ಅವನ ಪಕ್ಕದಲ್ಲಿ ಕೂತು ನಾನೂ ಬಟನ್ ವಿಂಗಡಿಸತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ.

“ಆ ದಿನ ಮುಚ್ಚಳ ಯಾಕೆ ತೊಳೆದಿರಿ?”

“ಪಲ್ಯ ಇತ್ತು.”

“ಇದ್ದರೆ ಏನಾಗುತ್ತೆ?”

“ಒದ್ದೆ. ಕಾಳು ಮೆತ್ತಗೆ, ಒಳಗೆ ಗಟ್ಟಿ. ವಾಸನೆ ಅನ್ನಕ್ಕೆ ಬರುತ್ತೆ. ಆಮೇಲೆ ಅನ್ನ ತಿನ್ನಕ್ಕಾಗಲ್ಲ.”

“ಅಮ್ಮ ಮಾಡಿದ ಪಲ್ಯ?”

“ಅದೂ ಒದ್ದೆ.”

ಅಕ್ಕ ಯಾಕೆ ದೂರು ಕೊಟ್ಟರು ಎಂದು ಅವನಿಗೆ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ, ಅವನಿಗೆ ಅದು ಹಿಡಿಸುವುದಿಲ್ಲ. ನಮ್ಮ ಜನಕ್ಕೆ ಹೋಟೆಲಿನಲ್ಲಿ, ಅಂಗಡಿಯಲ್ಲಿ ಬೇರೆ ಲೋಟ ಇಡುತ್ತಿದ್ದದ್ದು, ಅದನ್ನು ನಾವೇ ತೊಳೆದಿಡಬೇಕಾಗಿದ್ದದ್ದು, ನಮ್ಮ ಕೈಯಿಂದ ಏನನ್ನೂ ತೆಗೆದುಕೊಳ್ಳದೇ ಇದ್ದದ್ದು. ಅವನ ಕೈ ನಿಂತಿತು.

“ನಾನು ಅದನ್ನ ಮಾಡ್ತಿಲ್ಲ.”

“ಅವರಿಗೆ ಹೇಗೆ ಗೊತ್ತಾಗಬೇಕು?”

“ಹೇಳಬೇಕು. ನೀವು ಹೇಳಿಲ್ವಾ?”

“ಹೇಳಬೇಡಿ ಅಂತ ನಿಮ್ಮಮ್ಮ ಅಂದಿದ್ದಾರೆ.”

“ಅಮ್ಮ ಅಂದಿದ್ದಾರೆ. ನಾನು ಅಂದಿಲ್ಲ.”

ತಾನೇ ಹೇಳುತ್ತೇನೆ ಎಂದ. ಅವನ ಷರತ್ತುಗಳು ಇಷ್ಟು: ಊಟದ ಹಾಲ್‌ನಲ್ಲಿ ಬೇಡ, ಟ್ರೈನಿಂಗ್ ರೂಮಿನಲ್ಲಿ. ಗುಂಪಿನವರು ಮಾತ್ರ. ಕೇಳುವ ಪ್ರಶ್ನೆಗಳನ್ನು ಹಿಂದಿನ ದಿನವೇ ಕೊಡಬೇಕು. ಈ ಕೊನೆಯದನ್ನು ಹೇಳಿದಾಗ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಪರೀಕ್ಷೆ ಪೇಪರ್ರು ಮೊದ್ಲೇ ಕೊಟ್ಟ್ರೆ ಯಾರ್ ಬೇಕಾದ್ರೂ ಪಾಸ್ ಆಯ್ತಾರೆ.” ಆದರೂ ಕೊಟ್ಟರು. ಒಂದೇ ಪ್ರಶ್ನೆ.

ತಾಯಿಗೆ ಮತ್ತೆ ಫೋನ್ ಮಾಡಿದೆ. ಕದ್ದು ಮಾಡುವುದು ನನ್ನ ಜಾಯಮಾನವಲ್ಲ. “ಅಮ್ಮಾ, ನಿಮ್ಮ ಮಗ ತಾನೇ ಹೇಳ್ಕೋತೀನಿ ಅಂತ ತೀರ್ಮಾನ ಮಾಡಿದ್ದಾರೆ” ಎಂದೆ. “ಅವನಿಗೇನು ಗೊತ್ತಾಗುತ್ತೆ ಮೇಡಂ ಲೋಕದ್ದು?” ಎಂದರು. “ಲೋಕದ್ದು ಬಿಡಿ. ಅವರ ಊಟದ ವಿಷಯ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಆ ಕಡೆಯಿಂದ ಫೋನ್ ಕಟ್ಟಾಯಿತು.

ಮರುದಿನ ಊಟಕ್ಕೆ ಮುಂಚೆ ಟ್ರೈನಿಂಗ್ ರೂಮಿನಲ್ಲಿ ಸೇರಿದೆವು. ಅವನು ನೋಟಿಸ್ ಬೋರ್ಡಿನ ಕಡೆ ಮುಖ ಮಾಡಿ ನಿಂತುಕೊಂಡ. ಹಾಗೆ ನಿಂತರೆ ಮಾತಾಡಲು ಸುಲಭ ಎಂದು ನಾನು ಮೊದಲೇ ಎಲ್ಲರಿಗೂ ಹೇಳಿದ್ದೆ.

“ನನಗೆ ಆಟಿಸಂ ಇದೆ. ಹುಟ್ಟಿದಾಗಿಂದ ಇದೆ. ಅಂಟಲ್ಲ” ಎಂದ.

“ಅಂಗಂದ್ರೇನಪ್ಪ?” ಎಂದರು ಫಿನಿಶಿಂಗಿನ ಒಬ್ಬರು.

“ಈಗ ನಿಮಗೆ ಫ್ಯಾನ್ ಸದ್ದು ಕೇಳ್ತಿದೆಯಾ?”

“ಇಲ್ಲ. ಕೇಳಿದ್ ಮ್ಯಾಕೆ ಕೇಳ್ತಾದೆ ನೋಡು.”

“ನನಗೆ ಫ್ಯಾನು, ಲೈಟು, ಹೊರಗಿನ ವ್ಯಾನು, ನಿಮ್ಮ ಬಳೆ ಎಲ್ಲ ಒಂದೇ ಜೋರಲ್ಲಿ ಕೇಳುತ್ತೆ. ನಿಲ್ಲಿಸಕ್ಕಾಗಲ್ಲ. ಬಾಯಿಗೂ ಹಾಗೇ. ಕಲಸಿದ ಊಟ ಬಾಯಿಗೆ ಹೋದ್ರೆ ಅಷ್ಟೂ ಸದ್ದು ಬಾಯಲ್ಲಿ ಆದಂಗೆ.”

ಆ ಹೆಂಗಸು ಬಳೆಗಳನ್ನು ಮೆಲ್ಲಗೆ ಮೇಲಕ್ಕೆ ಏರಿಸಿಕೊಂಡು ಕೈಯಿಂದ ಅದುಮಿ ಹಿಡಿದರು.

ಅಕ್ಕ ತಮ್ಮ ಪ್ರಶ್ನೆ ಕೇಳಿದರು. “ನಿಂಗೆ ಬ್ಯಾಡಾಗಿದ್ದು ಪಲ್ಯನಾ, ನಮ್ ಕೈಯಾ?”

“ಪಲ್ಯ. ಅಮ್ಮನ ಕೈದೂ ತಿನ್ನಲ್ಲ. ಮದುವೆ ಮನೇಲೂ ಬರೀ ಅನ್ನ ತಿಂತೀನಿ. ನಿಮ್ಮ ಜಾತಿ ಯಾವುದು ಅಂತ ಮೊನ್ನೆ ಮೇಡಂ ಹೇಳೋವರೆಗೂ ನನಗೆ ಗೊತ್ತಿರಲಿಲ್ಲ.”

ನಾನು ಸಲೀಸಾಗಿ ಮುಗಿಯಿತು ಅಂದುಕೊಂಡೆ. ಅಕ್ಕ ಬಿಡಲಿಲ್ಲ. ಅವರು ದನಿ ಏರಿಸಲಿಲ್ಲ.

“ಗೊತ್ತಿರ್ಲಿಲ್ಲ ಅನ್ನಾದು ನಿಂಗೆ ಸಲೀಸು ಕಣಪ್ಪ. ನಮ್ಮನ್ನ ಅಂಗೆ ಗೊತ್ತಿಲ್ದಂಗೆ ಇರಾಕೆ ಬುಟ್ಟೋರ್ಯಾರು? ಇದ್ಕೇನಂತೀಯ?”

ಅವನು ಬೋರ್ಡು ನೋಡುತ್ತಲೇ, “ಈ ಪ್ರಶ್ನೆ ಮೊದಲೇ ಕೊಟ್ಟಿರಲಿಲ್ಲ. ನಾಳೆ ಹೇಳ್ತೀನಿ” ಎಂದು ಹೊರಟುಹೋದ.

ಇಬ್ಬರು ಮೂವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅಕ್ಕ ನಗಲಿಲ್ಲ. “ನಾಳೆ ಬರ್ತಾನೆ ಅಂತೀರಾ ಮ್ಯಾಡಮ್ಮ?” ಎಂದರು. ಬರುತ್ತಾನೆ ಎಂದೆ. ಅವನು ಹೇಳಿದ್ದನ್ನು ಮಾಡದೇ ಇದ್ದದ್ದನ್ನು ನಾನು ಇನ್ನೂ ನೋಡಿರಲಿಲ್ಲ.

ಬಂದ. ಅದೇ ರೂಮು, ಅದೇ ಜಾಗ, ಅದೇ ಬೋರ್ಡು.

“ನಿನ್ನೆಯ ಪ್ರಶ್ನೆಗೆ ಮನೇಲಿ ಕೇಳಿದೆ” ಎಂದ. “ನಮ್ಮ ಅಂಗಡೀಲಿ ಲೋಟ ಬೇರೆ ಇತ್ತಾ ಅಂತ. ಅಪ್ಪ ಇತ್ತು ಅಂದ್ರು. ತಾತನ ಕಾಲದಲ್ಲಿ ಹಿಂದಿನ ಬಾಗಿಲ ಪಕ್ಕ ಗೂಡಲ್ಲಿ ಇತ್ತಂತೆ. ಅಪ್ಪ ಸಣ್ಣವರಿದ್ದಾಗ ಅದರಲ್ಲಿ ನಿಮ್ಮವರಿಗೆ ನೀರು ಹಾಕಿದ್ದಾರಂತೆ, ಮೇಲಿಂದ. ಇದನ್ನ ಅಲ್ಲಿ ಹೇಳಬೇಡ ಅಂತ ಅಮ್ಮ ಅಂದ್ರು. ಹೇಳು ಅಂತ ಅಪ್ಪ ಅಂದ್ರು. ಇಬ್ಬರಲ್ಲಿ ಒಬ್ಬರು ಅಂದ್ರೆ ಸಾಕು ಅಂದ್ಕೊಂಡೆ. ಆ ಲೋಟ ಇಟ್ಟಿದ್ದು ತಪ್ಪು. ನನಗೆ ಬೇರೆ ಲೋಟ ಬೇಡ. ಬೇರೆ ಮೇಜೂ ಬೇಡ. ನಿಮ್ಮ ಜೊತೆ ಕೂರ್ತೀನಿ, ಗೋಡೆ ಪಕ್ಕ. ಆದರೆ ಪಲ್ಯ ತಿನ್ನಲ್ಲ.”

ರೂಮಿನಲ್ಲಿ ಫ್ಯಾನಿನ ಸದ್ದು ನನಗೂ ಕೇಳಿಸಿತು.

ಈ ಕೆಲಸಕ್ಕೆ ಬಂದ ಮೇಲೆ ನಾನು ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ, ಸಮಾನತೆಯ ಬಗ್ಗೆ ಭಾಷಣ ಮಾಡಿದ್ದೇನೆ. ಆ ಕಡೆಯ ಮನೆಯವನೊಬ್ಬ ನಮ್ಮೆದುರು ನಿಂತು, ಹೌದು, ನಮ್ಮಲ್ಲಿತ್ತು, ಗೂಡು ಇಂಥ ಕಡೆ ಇತ್ತು ಎಂದು ಹೇಳಿದ್ದನ್ನು ಕೇಳಿರಲಿಲ್ಲ. ನಯಗೊಳಿಸಿ ಹೇಳುವುದು ಅವನಿಗೆ ಬಾರದು. ನಯಗೊಳಿಸಿದ್ದರೆ ಆ ಮಾತು ಅಕ್ಕನವರೆಗೆ ತಲುಪುತ್ತಿರಲಿಲ್ಲ.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಯಾರ್ನ ಕೇಳಿದ್ರೂ, ಇಲ್ಲ ಕಣಮ್ಮ, ನಮ್ಮನೇಲಿ ಇರ್ಲಿಲ್ಲ ಅಂತಾರೆ” ಎಂದರು. “ಯಾರ ಮನೇಲೂ ಇರ್ಲಿಲ್ಲ ಅಂದ್ಮ್ಯಾಕೆ ನಾವು ಎಲ್ಲಿ ಕುಡುದ್ವಿ? ಇವನೊಬ್ಬ ಒಪ್ಕಂಡ.”

ನಾನು ದೂರಿನ ಕಾಗದ ಹೊರತೆಗೆದೆ. ಹರಿದು ಹಾಕಿ ಎಂದು ಗುಂಪಿನಲ್ಲಿ ಯಾರೋ ಅಂದರು. ಅಕ್ಕ ಬೇಡ ಎಂದರು, ನಾನೂ ಬೇಡ ಎಂದೆ. ಬೇರೆ ಮೇಜು ಹಾಕಿದ್ದು ನಿಜ, ದೂರು ಕೊಟ್ಟಿದ್ದು ಸರಿ, ಅದು ದಾಖಲೆಯಲ್ಲಿ ಇರಬೇಕು. ಕೆಳಗೆ ಇತ್ಯರ್ಥ ಬರೆಯುವಾಗ ಅಕ್ಕ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಯಾರಿಗೂ, ಯಾವ ಕಾರಣಕ್ಕೂ, ಬೇರೆ ತಟ್ಟೆ ಲೋಟ ಇಡಕೂಡದು. ಆಮೇಲೆ ಅವರು ಸ್ವಲ್ಪ ಯೋಚಿಸಿದರು.

“ಇನ್ನೊಂದು ಬರ್ಕಳಿ. ಮುಚ್ಚಳ ಅಂಗಾತ ಇಟ್ರೆ ಆಕು ಅಂತ. ಬೋರಲು ಇಟ್ರೆ ಬ್ಯಾಡ ಅಂತ. ಬೋರಲು ಮಡಗ್ದೋರ್ನ ಯಾಕೆ ಅಂತ ಒಬ್ರೂ ಕೇಳ್ಕೂಡ್ದು.”

ಯಾವ ತರಬೇತಿಯಲ್ಲೂ ನಾನು ಇಷ್ಟು ಒಳ್ಳೆಯ ವ್ಯವಸ್ಥೆ ಕಂಡಿಲ್ಲ. ಅವನೊಬ್ಬನಿಗೆಂದು ಮಾಡಿದ್ದಾಗಿದ್ದರೆ ಅದು ಮತ್ತೆ ಬೇರೆ ಮೇಜೇ ಆಗುತ್ತಿತ್ತು. ಎಲ್ಲರಿಗೂ ಮಾಡಿದ್ದರಿಂದ ಮರುವಾರವೇ ಇನ್ನೂ ಕೆಲವು ಮುಚ್ಚಳಗಳು ಬೋರಲಾದವು. ಸಕ್ಕರೆ ಕಾಯಿಲೆಯವರೊಬ್ಬರು, ಶನಿವಾರ ಒಪ್ಪೊತ್ತು ಮಾಡುವವರೊಬ್ಬರು, ಈರುಳ್ಳಿ ತಿನ್ನದ ಶ್ರವಣಬೆಳಗೊಳದ ಹುಡುಗಿಯೊಬ್ಬಳು. ಇವರೆಲ್ಲ ಇಷ್ಟು ದಿನ ಬೇಡ ಎನ್ನಲಾರದೆ ಹಾಕಿಸಿಕೊಂಡು, ಯಾರಿಗೂ ಕಾಣದಂತೆ ಚೆಲ್ಲುತ್ತಿದ್ದರಂತೆ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಗುಂಪಿನ ಇಬ್ಬರು ಬೇರೆ ಕಡೆ ಕೂರಲು ಹೋದರು, ಇನ್ನೂ ಅಲ್ಲೇ ಕೂರುತ್ತಾರೆ. ಅವನ ತಾಯಿ ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದರು. ತಂದೆ ಒಮ್ಮೆ ಗೇಟಿನವರೆಗೆ ಬಂದು, “ಅವನು ನನ್ನನ್ನ ಆ ಪ್ರಶ್ನೆ ಕೇಳಿದಾಗ ಸುಳ್ಳು ಹೇಳೋಕಾಗ್ಲಿಲ್ಲ ಮೇಡಂ. ಅವನಿಗೆ ಸುಳ್ಳು ಹೇಳಿದ್ರೆ ಅದನ್ನೇ ನಿಜ ಅಂತ ನಂಬ್ಕೊಂಡು ಇಲ್ಲಿ ಬಂದು ಹೇಳ್ತಿದ್ದ” ಎಂದು ಅಷ್ಟೇ ಹೇಳಿ ಹೋದರು.

ಅವನು ಮತ್ತೆ ಮಧ್ಯಾಹ್ನ ಉಣ್ಣತೊಡಗಿದ. ಲೇಬಲ್‌ಗಳು ಸರಿಯಾಗಿ ಹೋಗತೊಡಗಿದವು. ಪ್ರೊಬೇಷನ್ ಮುಗಿಯುವ ಮುಂಚಿನ ದಿನ ಇತ್ಯರ್ಥದ ಕಾಗದ, ಇನ್‌ಚಾರ್ಜ್ ಬರೆದ ವರದಿ ಎರಡನ್ನೂ ಮ್ಯಾನೇಜರ್ ಮುಂದಿಟ್ಟೆ. ವರದಿಯಲ್ಲಿ ಎರಡು ತಪ್ಪು ಲೇಬಲ್‌ಗಳ ಲೆಕ್ಕವೂ ಇತ್ತು, ಅವು ಯಾವ ದಿನಗಳಲ್ಲಿ, ಯಾಕೆ ಆದವು ಎಂಬುದೂ ಇತ್ತು. ಅವರು ಎರಡೂ ಪೂರ್ತಿ ಓದಿದರು. “ಮುಚ್ಚಳದ್ದನ್ನ ಆಡಿಟ್‌ನವರಿಗೆ ಹೇಗೆ ವಿವರಿಸ್ತೀರಿ?” ಎಂದರು. “ಊಟದ ಹೊತ್ತಿಗೆ ಕರ್ಕೊಂಡು ಬನ್ನಿ ಸರ್, ಅವರ ಮುಂದೂ ಒಂದು ಮುಚ್ಚಳ ಇಡೋಣ” ಎಂದೆ. ಸಹಿ ಹಾಕಿದರು.

ಕನ್ಫರ್ಮೇಷನ್ ಕಾಗದವನ್ನು ಅವನ ಕೈಗೇ ಕೊಟ್ಟೆ, ತಾಯಿಯ ಹೆಸರಿಗೆ ಪ್ರತಿ ಕಳಿಸಲಿಲ್ಲ. ಓದಿ, ಮಡಿಸಿ ಜೇಬಿಗಿಟ್ಟುಕೊಂಡು, “ಹಾಗಾದರೆ ಟ್ಯೂಬ್‌ಲೈಟ್ ಇದೇ ಇರುತ್ತಲ್ವಾ?” ಎಂದು ಕೇಳಿದ. ಇರುತ್ತದೆ ಎಂದೆ.

ಅದಾಗಿ ಕೆಲವು ತಿಂಗಳ ಮೇಲೆ ನಾನು ಆ ಗುಂಪಿನಲ್ಲೇ ಕೂತು ಉಣ್ಣುತ್ತಿದ್ದೆ. ಅಕ್ಕ ಆವತ್ತು ಅಕ್ಕಿರೊಟ್ಟಿ ತಂದಿದ್ದರು. ಡಬ್ಬಿ ಬಿಚ್ಚಿ ಎಂದಿನಂತೆ ಸುತ್ತ ಕಣ್ಣಾಡಿಸಿದವರು ಅವನ ಕಡೆ ನೋಡಿ ನಿಂತರು. ಅವನ ಮುಚ್ಚಳ ಅಂಗಾತವಾಗಿತ್ತು.

“ಮರ್ತ್ಯೇನ್ಲಾ?” ಎಂದರು. ಅಷ್ಟು ಹೊತ್ತಿಗೆ ಅವನು ಅವರಿಗೆ ‘ಲಾ’ ಎನ್ನುವಷ್ಟು ಹತ್ತಿರದವನಾಗಿದ್ದ.

“ಇಲ್ಲ. ಈರುಳ್ಳಿ ಹಾಕಿದ್ದೀರಾ?”

“ಆಕಿಲ್ಲ.”

“ಒಣಗಿದೆಯಾ?”

“ಬೆಳಗ್ಗೆ ತಟ್ಟಿದ್ದು ಕಣಪ್ಪ. ಒಣ್ಗಿ ಅಪ್ಪಳ ಆಗದೆ.”

“ಹಾಗಾದರೆ ಹಾಕಿ.”

ಅಕ್ಕ ಒಂದು ಚೂರು ಮುರಿದು ಮುಚ್ಚಳದ ಮೇಲಿಟ್ಟರು. ಅವನು ಅದನ್ನು ತಿರುಗಿಸಿ ಎರಡೂ ಬದಿ ನೋಡಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದ್ದರು.

“ಎಂಗದೆ?”

“ಸೀದಿದೆ.”

“ನೋಡ್ರವ್ವ” ಎಂದರು ಅಕ್ಕ, ನಮ್ಮ ಕಡೆ ತಿರುಗಿ. “ಪ್ರಶ್ನೆ ಮೊದ್ಲೇ ಕೊಟ್ಟಿರ್ಲಿಲ್ಲ. ಉತ್ತರ ಎಂಗೆ ಬಿರ್ರನೆ ಬಂತು.”

ಉಳಿದ ಚೂರನ್ನೂ ಅವನು ತಿಂದ. ಊಟ ಮುಗಿದ ಮೇಲೆ ನಲ್ಲಿಯ ಹತ್ತಿರ ಹೋಗಿ ಮುಚ್ಚಳ ತೊಳೆದ, ಒರೆಸಿ, ಮತ್ತೆ ತೊಳೆದ. ಅಕ್ಕ ಅವನ ಹಿಂದೆ ತಮ್ಮ ಡಬ್ಬಿ ಹಿಡಿದುಕೊಂಡು ಸರದಿಗೆ ನಿಂತಿದ್ದರು. “ಬ್ಯಾಗ ಮುಗ್ಸಪ್ಪ, ಬೆಲ್ ಒಡೀತದೆ” ಎಂದರು, ಇನ್ನೊಬ್ಬರ ಜೊತೆ ಆಡುತ್ತಿದ್ದ ಮಾತನ್ನು ಮುಂದುವರಿಸುತ್ತಾ.